ಬಾಕಿ

ಬೆಳಗಿನ ಆರಕ್ಕೆ ಮಡಿಕೇರಿ ಡಿಪೋದಲ್ಲಿ
ಬಸ್ಸಿನ ಬೋರ್ಡನ್ನು ಕೈಯಿಂದ ಒರೆಸಿ ಓದಬೇಕು, ಅಷ್ಟು ಮಂಜು.
ಡ್ರೈವರ್ ಉತ್ತಯ್ಯ ಮಂಕಿಕ್ಯಾಪು ಎಳೆದುಕೊಂಡು
ಅಂಗೈಗೆ ಬಿಸಿ ಉಸಿರೂದಿ ಸ್ಟೇರಿಂಗು ಮುಟ್ಟುತ್ತಾನೆ.
ನನ್ನ ಕಂಕುಳಲ್ಲಿ ಆಗಲೇ ಮಧ್ಯಾಹ್ನ.

ಖಾಕಿಯಲ್ಲಿ ಗುಟ್ಟು ನಿಲ್ಲುವುದಿಲ್ಲ.
ಪಾವಲಿಯಷ್ಟು ಶುರುವಾಗಿ
ಮೂರ್ನಾಡು ದಾಟುವಾಗ ದೋಸೆಯಷ್ಟು.
ಒಣಗಿದ ಮೇಲೆ ಅಂಚಿಗೊಂದು ಉಪ್ಪಿನ ಗೆರೆ,
ನಕಾಶೆಯಲ್ಲಿ ತಾಲೂಕಿನ ಗಡಿ ಎಳೆದ ಹಾಗೆ.
ಚಳಿಯಲ್ಲಿ ಯಾರಾದರೂ ಕಿಟಕಿ ಸರಿಸಿದರೆ
ನನ್ನಿಂದಲೇ ಅಂತ ಅನಿಸುತ್ತಿತ್ತು.

ಕೆಲಸವೋ, ಕೈ ಎತ್ತುವ ಕೆಲಸ.
ಹಗ್ಗ ಬಿಟ್ಟು ಸೀಟಿ ಊದಲು ಕಲಿತೆ.
ತಿರುವು ಬಂದರೆ ಸೊಂಟವನ್ನು ಸೀಟಿಗೊತ್ತಿ
ಎರಡೂ ಮೊಣಕೈ ಪಕ್ಕೆಗಂಟಿಸಿ
ಟಿಕೆಟ್ ಹರಿದೆ, ಮಳೆಗೆ ನೆನೆದ ಕೋಳಿಯ ಹಾಗೆ.
ನಾಲ್ಕು ವರ್ಷ.

ಮಾಡದ ಮದ್ದಿಲ್ಲ.
ಪಟಿಕ ಉಜ್ಜಿದೆ. ನಿಂಬೆಹೋಳು ತಿಕ್ಕಿ ಉರಿಗೆ ಕುಣಿದೆ.
ಅತ್ತಿಗೆಯ ಮಾತು ಕೇಳಿ ಕಾಚಂಪುಳಿ ಹಚ್ಚಿಕೊಂಡ ದಿನ
ನಾಪೋಕ್ಲು ಮುಟ್ಟುವವರೆಗೂ
ಬಸ್ಸಿಗೆ ಬಸ್ಸೇ ಹಂದಿಕರಿ ನೆನೆದು ಮೂಗರಳಿಸಿತು.
ಟೈಲರ್ ಹಮೀದಾಕ ಮಾತ್ರ, ಏನೂ ಕೇಳದೆ,
ಅಂಗಿಯ ಒಳಗೆ ಹಳೇ ಪಂಚೆಯ ಎರಡು ತುಂಡು
ಅರ್ಧಚಂದ್ರ ಕತ್ತರಿಸಿ ಹೊಲಿದು ಕೊಟ್ಟ,
ಕೂಲಿ ಬೇಡವೆಂದ.
ನಾನು ಅತ್ತದ್ದು ಅವತ್ತೊಂದೇ ಸಲ.

ಕೊನೆಗೆ ಜಿಲ್ಲಾ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ
ತೋಳೆತ್ತಿಸಿ ನೋಡಿ, ಮೂಗು ಮುಚ್ಚದೆ,
"ಕೊಳಕಲ್ಲಮ್ಮ ಇದು. ಗ್ರಂಥಿಗೆ ದುಡಿದು ಅಭ್ಯಾಸ,
ನಿನ್ನ ಹಾಗೇ, ರಜೆ ಹಾಕೋದು ಗೊತ್ತಿಲ್ಲ" ಎಂದರು.
ರಾತ್ರಿ ಹಚ್ಚು. ಒಣ ಚರ್ಮಕ್ಕೆ. ಬೆಳಿಗ್ಗೆ ತೊಳೆ.
ಪೂರ್ತಿ ನಿಂತಿಲ್ಲ.
ದೋಸೆ ಮತ್ತೆ ಪಾವಲಿಯಾಗಿದೆ, ಅಷ್ಟೆ.

ಮೊನ್ನೆ ಭಾಗಮಂಡಲದ ಕೊನೆಯ ಟ್ರಿಪ್ಪು.
ನಿಂತವರೆಲ್ಲ ಕಂಬಿಗೆ ಜೋತಿದ್ದಾರೆ, ಕಾಲೇಜಿನ ಹುಡುಗಿ ಒಬ್ಬಳು ಇಲ್ಲ.
ಮಾರ್ಚಿನ ಸೆಕೆಗೂ ಕಪ್ಪು ಸ್ವೆಟರು,
ಎದೆಗವಚಿದ ಬ್ಯಾಗು,
ಪಕ್ಕೆಗಂಟಿದ ಮೊಣಕೈ.
ಆ ಮೊಣಕೈಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಚೇರಂಬಾಣೆ ತಿರುವಿನಲ್ಲಿ ಮುಗ್ಗರಿಸಿ
ಯಾರದೋ ಮೀನಿನ ಚೀಲದ ಮೇಲೆ ಬಿದ್ದಳು.
"ಕಂಬಿ ಹಿಡಿಯೋಕೆ ಏನು ದಾಡಿ!"
ಬಸ್ಸೆಲ್ಲ ಬೈಯಿತು.
ಎಬ್ಬಿಸಿ ನನ್ನ ಸೀಟಿನಲ್ಲಿ ಕೂರಿಸಿದೆ.
ಅವಳ ಟಿಕೆಟ್ಟಿನ ಬೆನ್ನಿಗೆ, ಚಿಲ್ಲರೆ ಬಾಕಿ ಬರೆಯುವಲ್ಲಿ,
ಮದ್ದಿನ ಹೆಸರು ಬರೆದೆ.
ಕೆಳಗೆ: ರಾತ್ರಿ. ಒಣ ಚರ್ಮಕ್ಕೆ. ನನಗೂ ಉಂಟು.

ಪಕ್ಕದ ಅಜ್ಜ ಇಣುಕಿದರು,
"ಹೆಂಗಸರಿಗೆ ಫ್ರೀ ಅಲ್ವಾ? ಸೊನ್ನೆ ಟಿಕೆಟ್ಟಿಗೆ ಎಂಥದ್ದು ಬಾಕಿ?"

"ಸ್ವಲ್ಪ ಉಂಟು" ಎಂದು
ಸೀಟಿ ಜೇಬಿಗಿಟ್ಟು
ಹಗ್ಗ ಎಳೆದೆ, ತೋಳು ಪೂರ್ತಿ ಎತ್ತಿ,
ಅವಳಿಗೆ ಕಾಣುವ ಹಾಗೆ,
ಖಾಕಿಯ ಪಾವಲಿ.