ಕರೆದರೆ ತಿರುಗುವ ಹೆಸರು

ಹಗ್ಗ ಹಿಡಿದು ಮುಂದೆ ನಡೆಯುತ್ತಿದ್ದವಳು ನಾನು,
ಆಗ ನನಗೆ ಒಂಬತ್ತು.
ಕುತ್ತಿಗೆಗೆ ಎರಡು ಮೂತಿಗಳ ಬಿಸಿ ಉಸಿರು,
ಅದರ ಹಿಂದೆ ನೊಗ, ಸರಪಳಿ, ನೇಗಿಲು,
ಎಲ್ಲಕ್ಕೂ ಹಿಂದೆ
ಮೇಣಿ ಅದುಮಿದ ಅವ್ವನ ದನಿ.

ಅಪ್ಪನ ಗುಂಡಿಯ ಮಣ್ಣು ಆರುವ ಮೊದಲೇ
ಚಿಕ್ಕಪ್ಪ ಹಾಂಗೋಮ ಕೊಟ್ಟಿಗೆಯ ಅಡ್ಡಗಳು ಸರಿಸಿ
ಹನ್ನೊಂದು ದನ ಎಣಿಸಿಕೊಂಡು ಹೋಗಿದ್ದ.
ಹನ್ನೆರಡನೆಯದು ಕುಂಟುಗರು.
"ಇದನ್ನಿಟ್ಟುಕೋ ಚೋಲ್ವೆ, ಸಾಯೋತನಕ ಜತೆಗಿರುತ್ತೆ."
ಅದು ಸಾಯಲಿಲ್ಲ.
ಕುಂಟು ಹೋಯಿತು, ಹೆಗಲು ಬಂತು.
ಮೊಂಜೆಯ ದಾರಿಬದಿ ಮೂರು ವರ್ಷ
ಕಡಲೆಕಾಯಿ ಬೇಯಿಸಿ ಮಾರಿ
ಅವ್ವ ಅದಕ್ಕೊಂದು ಜೋಡಿ ತಂದಳು.

ಹೆಂಗಸು ನೊಗ ಕಟ್ಟಿದರೆ ಮಳೆ ಮುನಿಯುತ್ತೆ
ಅಂತ ಕೊಳವೆಬಾವಿಯ ಹತ್ತಿರ ಮಾತು.
ಅವ್ವ ಜಗಳ ಆಡಲಿಲ್ಲ. ಎತ್ತುಗಳಿಗೆ ಹೆಸರಿಟ್ಟಳು.
ಎಡಗೋಲಿನವನು 'ನೀವೇ ಅಂದಿರಿ'.
ಬಲಗೋಲಿನವನು 'ನೋಡೋಣ'.
ನಮ್ಮ ಕಡೆ ಹಾಗೆ:
ಬಾಯಿಬಿಟ್ಟು ಹೇಳಲಾಗದ್ದನ್ನು
ನಾಯಿಗೋ ಎತ್ತಿಗೋ ಹೆಸರಾಗಿಟ್ಟರೆ
ಬೆಳಗಿನಿಂದ ಬೈಗಿನತನಕ ಕೂಗಬಹುದು,
ಊರ ಮುಖ್ಯಸ್ಥನಿಗೆ ಯಾರೂ ದೂರುವಂತಿಲ್ಲ.

ನವೆಂಬರಿನ ಮೊದಲ ಮಳೆ.
ಮುಸಂಗು ಮರ ಎಲೆ ಕಳಚಿ ನಿಂತಿತ್ತು,
ಎಲ್ಲ ಚಿಗುರುವಾಗ ಅದಕ್ಕೊಂದು ಹಟ.
"ನೀವೇ ಅಂದಿರಿ, ಎಳೆ! ನೋಡೋಣ, ತಿರುಗು!"
ಬೇಲಿಯಾಚೆ ಚಿಕ್ಕಪ್ಪ ಟೋಪಿ ಕೆಳಗೆಳೆದುಕೊಂಡ.
ಏಳು ಸಾಲು ಡೊಂಕು.
ಎಂಟನೆಯದು ಅಷ್ಟೇನಲ್ಲ.

ಐದನೆಯ ವರ್ಷ ಉಣ್ಣೆಜ್ವರ.
ಅವನ ಕೊಟ್ಟಿಗೆಯಲ್ಲಿ ಕಿವಿಯಡಿ ಗಂಟು ಕಟ್ಟಿ
ಒಂದೊಂದೇ ಮಂಡಿಯೂರಿದವು.
ನಾವು ಎರಡನ್ನೇ ಸಾಕಿದವರು,
ಸಂಜೆ ಸಂಜೆ ಬೆರಳಲ್ಲೇ ಉಣ್ಣೆ ಆರಿಸಿದ್ದೆವು.
ಜಾಣತನವೇನಲ್ಲ, ಔಷಧಿಗೆ ಕಾಸಿರಲಿಲ್ಲ.

ಚಿಕ್ಕಪ್ಪ ಬಂದು ಅಂಗಳದಾಚೆಯೇ ಕುಕ್ಕರಗಾಲಲ್ಲಿ ಕೂತು
ಮೆಲ್ಲಗೆ ಚಪ್ಪಾಳೆ ತಟ್ಟಿದ.
ಅವ್ವ ಮುದ್ದೆ ತಿರುವುತ್ತಿದ್ದಳು,
ತಿರುವಿ ಮುಗಿಸಿದಳು,
ಆಮೇಲೆ ಹಗ್ಗ ಕೊಟ್ಟಳು.
"ಕೋಲಿಗೆ ಬಗ್ಗೋದಿಲ್ಲ. ಹೆಸರು ಹಿಡಿದು ಕರೀಬೇಕು."

ನಡುಹಗಲಿನತನಕ ಅವನ ಹೊಲದಲ್ಲಿ ಬರೀ ಶಿಳ್ಳೆ,
ನಾಲಗೆಯ ಲೊಚಲೊಚ.
ಎತ್ತುಗಳು ನಿಂತಲ್ಲೇ ಮೆಲುಕು.
ಮೋಡ ಕಟ್ಟುತ್ತಿತ್ತು.
ಕೊನೆಗೆ, ತನಗೇ ಕೇಳದಷ್ಟು ಸಣ್ಣಗೆ:
"ನೀವೇ ಅಂದಿರಿ..."

ಅವ್ವ ಬಾಗಿಲಿಗೆ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದಳು.
ನನಗೆ ನಗು. ಅವಳಿಗಿಲ್ಲ.
"ಹೋಗು, ಹಗ್ಗ ಹಿಡಿಯೋಕೆ ಅವನಿಗೆ ಯಾರೂ ಇಲ್ಲ.
ಎಡಗೋಲಿನವನಿಗೆ ಈಗ ಕಿವಿ ಮಂದ,
ಇನ್ನೊಂದಿಷ್ಟು ಜೋರಾಗಿ ಕೂಗೋಕೆ ಹೇಳು."