ಹದಿನಾಲ್ಕು ಸುತ್ತು

ಮುಂಜಾನೆ ಮಗ್ಗದ ಕುಣಿಯೊಳಗ ಕಾಲಿಳಿಬಿಟ್ಟೆ.
ತುಳಿಯೋ ಹಲಗಿ ಸಿಗಲಿಲ್ಲ, ಮೆತ್ತಗ
ಬೆಚ್ಚಗ ಏನೋ ತಾಗಿತು. ಹೆಗ್ಗಣ ಅಂತ
ಚೀರಿ ಕಾಲೆತ್ತಿದೆ.
ಬ್ಯಾಟರಿ ಹಾಕಿ ನೋಡಿದರ
ಎರಡು ಹಳದಿ ಕಣ್ಣು,
ಇಷ್ಟೊತ್ತು ಎಲ್ಲಿ ಹಾಳಾಗಿದ್ದಿ ಅಂತ ಬೈಯುವಂಥವು.

ಹಾಲಕ್ಕಿ. ಮುಷ್ಟಿಗಿಂತ ಒಂಚೂರು ದೊಡ್ಡದು.
ಬಲಗಡೆ ರೆಕ್ಕಿ ಸೆರಗು ಜಾರಿದಂಗ ಜೋತುಬಿದ್ದಿತ್ತು.
ಅದರ ಸುತ್ತ ದಾರ.

ಬೆಟಗೇರಿಯೊಳಗ ಸುದ್ದಿಗೆ ಕಾಲು ಬೇಕಿಲ್ಲ.
ಪಕ್ಕದ ಪಾವರಲೂಮು ಎರಡೂ ನಿಂತವು.
ನೆಗೆಣ್ಣಿ ಹೊಸ್ತಿಲ ಆಚೆ ನಿಂತು
"ಬರಬಾರದ್ದು ಬಂದೈತಿ, ಮೊದಲ ಹೊರಗ ಹಾಕು" ಅಂದಳು.
ಮೂಲಿಮನಿ ಫಕ್ಕೀರಪ್ಪಜ್ಜ ಮಾತ್ರ ಸಮೀಪ ಬಂದು
ಕಿವಿಗೆ ಕೈ ಹಚ್ಚಿ, "ಏನರ ನುಡೀತೇನವಾ?"
ಏನೂ ನುಡಿದಿಲ್ಲರೀ.
ಕಟಕಟ ಕೊಕ್ಕು ಕಡೀತೈತಿ, ಅಷ್ಟ.

ಮೂವತ್ತೊಂದು ವರ್ಷದಿಂದ ನನ್ನ ಕೆಲಸ ಒಂದ:
ಹರಿದ ಎಳಿ ಕೂಡಿಸೋದು.
ಬೂದಿ ಮುಟ್ಟಿದ ಬೆರಳಲೆ ಹೊಸೆದು ಕೆಚ್ಚಿದರ
ಎಲ್ಲಿ ಹರಿದಿತ್ತು ಅಂತ ಉಟ್ಟಾಕಿಗೂ ತಿಳಿಯೂದಿಲ್ಲ.
ಮಗ್ಗದ ಸಮೀಪ ಕತ್ತರಿ ಇಡಬ್ಯಾಡ ಅಂದಿದ್ದಳು ಅತ್ತಿ.
ಇವತ್ತು ಹುಸೇನಬಿಯ ಕಾಜಾ ಕತ್ತರಿ ಎರವಲು ತಂದೆ.
ಅದರ ಹಿಂದ ಅವಳೂ ಬಂದಳು.
ಕತ್ತಲಾದರ ಸುಮ್ಮನಿರತೈತಿ ಅಂತ
ಹಳೇ ಕುಬಸ ಅದರ ತಲಿ ಮ್ಯಾಲೆ ಹೊದಿಸಿ ಹಿಡಕೊಂಡಳು,
ಕೋಳಿ ಸಾಕಿದ ಕೈ.

ಹತ್ತಿ ಅಲ್ಲ, ರೇಶ್ಮಿ ಅಲ್ಲ, ಚಮಕಾ ಅಲ್ಲ.
ಹಲ್ಲಿಗೆ ಹಿಡಿದರ ಹಲ್ಲು ಜಾರತೈತಿ,
ಬೆರಳಿಗೆ ಹಿಡಿದರ ಬೆರಳು ಕೊಯ್ಯತೈತಿ.
ಕಾರಹುಣ್ಣಿವಿ ಮಾಂಜಾ.
ಪುಚ್ಚ ದಾಟಿ, ತೊಗಲು ದಾಟಿ ಇಳಿದಿತ್ತು.
ಒಂದೊಂದೇ ಸುತ್ತು ಕತ್ತರಿಸಿದೆ, ಹದಿನಾಲ್ಕು.
ಎಣಿಸೋದು ಚಟ, ಏನು ಮಾಡಲಿ.

ಕಡೇ ಸುತ್ತು ಬೆಳಕಿಗೆ ಹಿಡಿದೆ.
ಹಿಡಿಯಬಾರದಿತ್ತು.
ಗುಲಾಲಿ ಅಲ್ಲ, ದಾಳಿಂಬರಿ ಅಲ್ಲ,
ಬಣ್ಣದ ಭಟ್ಟಿಯವರೂ ಹೆಸರಿಡದ ಕೆಂಪು.
ಶುಕ್ರವಾರ ಟಾಂಗಾಕೂಟದ ಅಂಗಡಿಯೊಳಗ
ಎಂಬತ್ತು ರೂಪಾಯಿ ಎಣಿಸಿ ಕೊಟ್ಟಾಕಿ ನಾನು,
"ಹರಿಯೂದಿಲ್ಲ ಹೌದಲ್ಲೋ?" ಅಂತ
ಎರಡು ಸಲ ಕೇಳಿ ತಂದಾಕಿ.
ಮೊಮ್ಮಗ ಓಂಕಾರ ಕಂಬಕ್ಕ ಬೆನ್ನು ಕೊಟ್ಟು ನಿಂತಿದ್ದ.
ಅವನೂ ನೋಡಿದ.

ದನದ ದವಾಖಾನಿಯ ಕಿರೇಸೂರ ಡಾಕ್ಟರು ಫೋನಿನೊಳಗ:
"ಬಾಯಾಗ ನೀರು ಹಾಕಬ್ಯಾಡ್ರಿ, ಹಾಲಂತೂ ಬ್ಯಾಡ ಬ್ಯಾಡ.
ರಟ್ಟಿನ ಡಬ್ಬಿ, ನಾಕು ತೂತು. ತಗೊಂಡು ಬರ್ರಿ."
"ಹಾಲಕ್ಕಿಗೆ ಹಾಲು ಬ್ಯಾಡಂತ!" ಹುಸೇನಬಿ ನಕ್ಕಳು.
ಸೀರಿ ಡಬ್ಬಿಯೊಳಗ ಕುಂತು, ಓಂಕಾರನ ತೊಡಿ ಮ್ಯಾಲೆ,
ಆಟೋದಾಗ ಹೋತು. ಮೂರು ಹೊಲಿಗಿ ಬಿದ್ದವು.
ಅರಣ್ಯದವರು ನಾಳೆ ಬರತೀವಿ ಅಂದರು.
ಅವರ ನಾಳೆ ಮೂರು ದಿನದ್ದು.

ಮೂರೂ ರಾತ್ರಿ ಹುಡುಗ ಬೀದಿದೀಪದ ಕೆಳಗ
ಮಿಡತಿ, ಜೀರುಂಡಿ ಹಿಡಿದ.
ಚಿಮಟಾದಲೆ ಕೊಟ್ಟರ ಮುಖ ತಿರುವಿತು.
ಕೈಯಲೆ ಕೊಟ್ಟ:
ಮಿಡತಿ, ಅದರ ಜೊತಿ ಬೆರಳಿನ ತುದಿ.
ರಕ್ತ ಬಂತು. ಅಳಲಿಲ್ಲ ಅವ.
"ಹದಿನಾಕರಾಗ ಒಂದು ಆತು, ಆಯಿ" ಅಂದ.

ಜೀಪು ಬಂತು, ಕಾಗದಕ್ಕ ಸಹಿ ಹಾಕಿಸಿಕೊಂಡರು.
ಹದಿನೈದು ದಿನಕ್ಕ ಫೋನು ಹಚ್ಚಿದರ
"ಬಿಟ್ಟೀವ್ರೀ" ಅಂದರು.
ಎಲ್ಲಿ, ಹಾರಿತೋ ಇಲ್ಲೋ,
ಕೇಳೂದರಾಗ ಫೋನು ಕಟ್ಟಾತು.

ಹಿತ್ತಲ ಬೇವಿನ ಗಿಡದಾಗ ಇನ್ನೂ ತೂಗತೈತಿ ಆ ಕೆಂಪು.
ಕಪ್ಪತಗುಡ್ಡದ ಕಡಿಂದ ಗಾಳಿ ಬಂದಾಗ ಮಿಂಚತೈತಿ,
ಹರಿಯೂದಿಲ್ಲ.
ದೋಟಿ ಸಾಲದು ಅಂತ ಓಂಕಾರ ಇನ್ನೊಂದು ಬಿದಿರು ತಂದಾನ.
ಎರಡೂ ತುದಿ ಕೂಡಿಸಿ ಹಿಡಿ ಅಂದೆ.
ಹತ್ತಿ ಹಗ್ಗ ತೊಯಿಸಿ
ಬಿಗಿಯಾಕ ಹತ್ತೀನಿ.