ನೀರು ಹೋಗುವ ಮುಂಚೆ

ಮೂರು ಮತದಿಂದ ಗೆದ್ದೆ.
ಬೈಕುಲಾದ ಕನ್ನಡ ಸಭೆಗೆ ಇನ್ನು ನಾನೇ ಅಧ್ಯಕ್ಷ.
ದಾದರಿನ ಚೆಂಡುಹೂವು ಕೊರಳಿಗೆ ಬಿತ್ತು,
ಸೋತ ಬಣ ಚಹಾ ಮುಟ್ಟದೆ ಲೋಕಲ್ ಹಿಡಿಯಿತು.

ಕೈ ತೊಳೆಯಲು ಹಿಂದಕ್ಕೆ ಹೋದರೆ
ಪ್ಯಾಂಟು ಮಡಚಿ, ಕುಕ್ಕರುಗಾಲಲ್ಲಿ
ಜತ್ತನ್ನ ಮಾಸ್ತರರು,
ಹದಿನೆಂಟು ವರ್ಷ ಆ ಕುರ್ಚಿಯಲ್ಲಿದ್ದವರು,
ಎಂಜಲು ಗ್ಲಾಸು ತೊಳೆಯುತ್ತಿದ್ದರು.

"ಬಿಡಿ ಮಾಸ್ತರೇ, ನಾಳೆ ಸಖೂಬಾಯಿ ಬರುತ್ತಾಳಲ್ಲ."
"ಅವಳ ಮಗನಿಗೆ ಜ್ವರ, ಬರಬೇಡ ಅಂದಿದ್ದೇನೆ.
ಏಳಕ್ಕೆ ನೀರು ಹೋಗುತ್ತದೆ. ಬಾ."

ಒಳಗೆ ಗೋಡೆಯ ಮೇಲೆ ಆ ಹಳೆಯ ಪಟ:
ಸೊಂಟಕ್ಕೆ ಟವಲು ಸುತ್ತಿದ ಕರ್ತ, ಬೋಗುಣಿ,
ಪಾದ ಹಿಂದಕ್ಕೆಳೆದುಕೊಂಡ ಪೇತ್ರ.
ಈಗಷ್ಟೇ ಅದಕ್ಕೆ ಬೆನ್ನು ಹಾಕಿ ನಿಂತು
ಸೇವೆಯ ಬಗ್ಗೆ
ಇಪ್ಪತ್ತು ನಿಮಿಷ ಮಾತಾಡಿದ್ದೆ.

ಬೂಟು ಬಿಚ್ಚಿಟ್ಟು ಬಾಗಿದೆ.
ಹಾರ ಬಕೆಟ್ಟಿನಲ್ಲಿ ಅದ್ದಿತು.
ತೆಗೆದು ನಲ್ಲಿಗೆ ನೇತುಹಾಕಿದೆ.

ಐವತ್ತೆರಡು ಗ್ಲಾಸು. ನಡುವೆ ಮಾತಿಲ್ಲ.
ಒಮ್ಮೆ ಮಾತ್ರ, "ತಳ ಉಜ್ಜು,
ಸಕ್ಕರೆ ಅಲ್ಲೇ ಕೂತಿರುತ್ತದೆ."

ಕೊನೆಯದು ನನ್ನ ಕೈಯಿಂದ ಜಾರಿ ಒಡೆಯಿತು.
ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.
"ಅಲ್ಲಾಡಬೇಡ" ಎಂದು ಮಾಸ್ತರರು
ಮೊಣಕಾಲೂರಿ ಚೂರು ಆರಿಸತೊಡಗಿದರು,
ಮೊದಲು
ನನ್ನ ಬರಿಗಾಲಿನ ಸುತ್ತ.